ಒಂದು ಬಂದೂಕು, ಮೂರು ಗುಂಡುಗಳು: ಉಸ್ಮಾನಿಯರ ಆಯುಧಾಗಾರ ಕಲಿಸುವ ಪಾಠ

ಪವಿತ್ರ ಕುರ್‌ಆನ್‌ನಲ್ಲಿ ಕಬ್ಬಿಣದ ಹೆಸರಿನ ಒಂದು ಅಧ್ಯಾಯವಿದೆ. ಆ ಸೂರಃ ಅಲ್ ಹದೀದ್‌ನ 25ನೇ ವಚನವು ಕಬ್ಬಿಣದ ಪ್ರಬಲ ಶಕ್ತಿಯನ್ನೂ ಅದರಿಂದ ಮನುಷ್ಯರಿಗಾಗುವ ಪ್ರಯೋಜನಗಳನ್ನೂ ನೆನಪಿಸುತ್ತದೆ. ಆದರೆ ಅದಕ್ಕೆ ಮೊದಲು ಅದು ಗ್ರಂಥವನ್ನೂ ತಕ್ಕಡಿಯನ್ನೂ ಪ್ರಸ್ತಾಪಿಸುತ್ತದೆ. ಮೊದಲು ಜ್ಞಾನ, ಅನಂತರ ನ್ಯಾಯ, ಆಮೇಲೆ ಕಬ್ಬಿಣ. ಈ ಕ್ರಮ ತಪ್ಪಿದ ಸಮುದಾಯಗಳ ಕೈಯಲ್ಲಿ ಕಬ್ಬಿಣ ಇದ್ದರೂ ಅದರ ಶಕ್ತಿ ಅವರದಾಗಿ ಉಳಿಯಲಿಲ್ಲ. ಉಸ್ಮಾನಿಯಾ ಸಾಮ್ರಾಜ್ಯದ ಕೊನೆಯ ಐವತ್ತು ವರ್ಷಗಳಲ್ಲಿ ಅದರ ಬಂದೂಕುಗಳಿಗೆ ಏನಾಯಿತು ಎಂಬುದನ್ನು ನೋಡಿದರೆ ಈ ಮಾತು ನಮಗೆ ಚೆನ್ನಾಗಿ ಮನವರಿಕೆಯಾಗುತ್ತದೆ.

ಇಸ್ತಾಂಬುಲಿನ ತೋಪ್‌ಹಾನೆ ಎಂಬ ಬಡಾವಣೆಯ ಹೆಸರಿನ ಅರ್ಥವೇ ಫಿರಂಗಿಯ ಮನೆ. ನಗರವನ್ನು 1453ರಲ್ಲಿ ಜಯಿಸಿದ ಸುಲ್ತಾನ್ ಮುಹಮ್ಮದ್ ಫಾತಿಹ್ ಅಲ್ಲಿ ಫಿರಂಗಿ ಎರಕದ ಕಾರ್ಖಾನೆಯನ್ನು ಸ್ಥಾಪಿಸಿದ್ದನು. ಆ ಕಾಲದಲ್ಲಿ ಯುರೋಪು ಉಸ್ಮಾನಿಯರ ಫಿರಂಗಿಗಳನ್ನು ಕಂಡು ಬೆರಗಾಗುತ್ತಿತ್ತು. ಆದರೆ ನಾಲ್ಕು ಶತಮಾನಗಳ ಅನಂತರ ಅದೇ ಸಾಮ್ರಾಜ್ಯವು ತನ್ನ ಸೈನಿಕನ ಹೆಗಲ ಮೇಲಿನ ಬಂದೂಕನ್ನು ಹೊರದೇಶಗಳಿಂದ ಕೊಳ್ಳುವ ಸ್ಥಿತಿಗೆ ಬಂದಿತ್ತು.

1870ರ ದಶಕದಲ್ಲಿ ಅಮೆರಿಕದ ಪ್ರಾವಿಡೆನ್ಸ್ ಟೂಲ್ ಕಂಪೆನಿಯಿಂದ 6 ಲಕ್ಷ ಪೀಬಡಿ-ಮಾರ್ಟಿನಿ ಬಂದೂಕುಗಳನ್ನು ತರಿಸುವ ಒಪ್ಪಂದವಾಯಿತು. ಇವುಗಳ ನಳಿಗೆಯ ಒಳವ್ಯಾಸ ಸುಮಾರು 11.43 ಮಿಲಿಮೀಟರ್. ಬಂದೂಕು ಉತ್ತಮವಾದುದೇ. 1877ರಲ್ಲಿ ಪ್ಲೆವ್ನಾ ಪಟ್ಟಣದಲ್ಲಿ ಗಾಝಿ ಉಸ್ಮಾನ್ ಪಾಷಾ ಅವರ ಸೇನೆಯು ಇದೇ ಬಂದೂಕನ್ನು ಹಿಡಿದು ರಷ್ಯನ್ನರ ಆಕ್ರಮಣಗಳನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿತು. ಜುಲೈಯಿಂದ ಡಿಸೆಂಬರಿನವರೆಗೆ ಪಟ್ಟಣವನ್ನು ಬಿಟ್ಟುಕೊಡಲಿಲ್ಲ. ನಮ್ಮ ಹಿರಿಯರು ಈ ಶೌರ್ಯದ ಕಥೆಯನ್ನು ಅಭಿಮಾನದಿಂದ ಹೇಳುತ್ತಾರೆ, ಹೇಳಬೇಕಾದುದೂ ಹೌದು. ಆದರೆ ಕಥೆಯ ಇನ್ನೊಂದು ಬದಿಯನ್ನು ನಾವು ಮರೆಯಬಾರದು. ಸಾಮ್ರಾಜ್ಯವು 1854ರಲ್ಲಿ, ಕ್ರಿಮಿಯಾ ಯುದ್ಧದ ಖರ್ಚಿಗಾಗಿ, ಮೊದಲ ಬಾರಿಗೆ ವಿದೇಶಿ ಸಾಲ ಪಡೆದಿತ್ತು. ಬಡ್ಡಿಯ ಮೇಲೆ ಬಡ್ಡಿ ಬೆಳೆದು 1875ರಲ್ಲಿ ತಾನು ಪೂರ್ತಿ ಬಡ್ಡಿ ಕಟ್ಟಲಾರೆನೆಂದು ಘೋಷಿಸಿತು. 1881ರಲ್ಲಿ ಪರದೇಶದ ಸಾಲಿಗರ ಪ್ರತಿನಿಧಿಗಳು ಇಸ್ತಾಂಬುಲಿನಲ್ಲೇ ಕಚೇರಿ ತೆರೆದು ಉಪ್ಪು, ತಂಬಾಕು, ರೇಷ್ಮೆ, ಮೀನುಗಾರಿಕೆ ಮುಂತಾದವುಗಳ ತೆರಿಗೆಯನ್ನು ತಾವೇ ವಸೂಲು ಮಾಡತೊಡಗಿದರು. ಬಡ್ಡಿಯನ್ನು ಅಲ್ಲಾಹನು ಏಕೆ ನಿಷೇಧಿಸಿದನೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಖಲೀಫನ ನಾಡಿನ ಬಡವನು ಗಂಜಿಗೆ ಹಾಕುವ ಉಪ್ಪಿನ ತೆರಿಗೆಯೂ ಪರದೇಶದ ಸಾಲಿಗನ ಪೆಟ್ಟಿಗೆಗೆ ಸೇರಿತು.

ಇಂತಹ ಸ್ಥಿತಿಯಲ್ಲಿಯೇ 1887ರಲ್ಲಿ ಜರ್ಮನಿಯ ಮೌಸರ್ ಕಾರ್ಖಾನೆಗೆ 5 ಲಕ್ಷ ಬಂದೂಕುಗಳ ಬೇಡಿಕೆ ಸಲ್ಲಿಸಲಾಯಿತು. ಇವು 9.5 ಮಿಲಿಮೀಟರಿನವು, ಹೊಗೆಯುಗುಳುವ ಕಪ್ಪು ಮದ್ದಿನವು. ಆದರೆ ಅದಕ್ಕೂ ಒಂದು ವರ್ಷ ಮೊದಲೇ, 1886ರಲ್ಲಿ, ಫ್ರಾನ್ಸು ಹೊಗೆರಹಿತ ಮದ್ದಿನ 8 ಮಿಲಿಮೀಟರ್ ಬಂದೂಕನ್ನು ತನ್ನ ಸೇನೆಗೆ ಅಳವಡಿಸಿಕೊಂಡಿತ್ತು. ಈ ಹೊಸ ಮದ್ದಿನಿಂದ ಗುಂಡು ಚಿಕ್ಕದಾಯಿತು, ವೇಗ ಹೆಚ್ಚಿತು, ಹಾರಾಟದ ಪಥ ನೇರವಾಯಿತು, ಸೈನಿಕನು ಹೆಚ್ಚು ತೋಟಾಗಳನ್ನು ಹೊರಬಲ್ಲವನಾದನು. ಉಸ್ಮಾನಿಯರ ಹೊಸ ಬಂದೂಕು ಹಡಗಿನಿಂದ ಇಳಿಯುವ ಹೊತ್ತಿಗೇ ಹಳೆಯದಾಗಿ ಹೋಗಿತ್ತು!

ಆದರೂ ಒಪ್ಪಂದ ಬರೆದವರು ದೂರದೃಷ್ಟಿಯುಳ್ಳವರಾಗಿದ್ದರು ಎನ್ನಬೇಕು. ಕಾರ್ಖಾನೆಯು ಉತ್ತಮಪಡಿಸಿದ ಮಾದರಿಯನ್ನು ತಯಾರಿಸಿದರೆ ಉಳಿದ ಬಂದೂಕುಗಳನ್ನು ಆ ಮಾದರಿಯಲ್ಲೇ ಕೊಡಬೇಕೆಂಬ ಷರತ್ತನ್ನು ಅವರು ಹಾಕಿದ್ದರು. ಅದರಂತೆ ಸುಮಾರು 2,20,000 ಹಳೆಯ ಮಾದರಿಯ ಬಂದೂಕುಗಳು ಬಂದ ಮೇಲೆ, ಮಿಕ್ಕ ಸುಮಾರು 2,80,000 ಬಂದೂಕುಗಳು 7.65 ಮಿಲಿಮೀಟರಿನ ಹೊಸ ಮಾದರಿಯಲ್ಲಿ ಬಂದವು. 1893 ಮತ್ತು 1903ರ ಮಾದರಿಗಳೂ ಅದೇ ಅಳತೆಯವು. ಹೀಗೆ ಒಂದೇ ಸೇನೆಯ ಉಗ್ರಾಣದಲ್ಲಿ 11.43, 9.5 ಮತ್ತು 7.65 ಎಂಬ ಮೂರು ಅಳತೆಯ ಆಯುಧಗಳು ಸೇರಿಕೊಂಡವು. ಒಂದರ ತೋಟಾ ಇನ್ನೊಂದಕ್ಕೆ ಹೊಂದುವುದಿಲ್ಲ. ಯುದ್ಧದ ನಡುವೆ ತಪ್ಪು ಪೆಟ್ಟಿಗೆ ತಲುಪಿದ ತುಕಡಿಗೆ ಬಂದೂಕು ಬರಿಯ ದೊಣ್ಣೆಯೇ ಸರಿ.

ಈ ಹಂತದಲ್ಲಿ ತೋಪ್‌ಹಾನೆಯ ಕುಶಲಕರ್ಮಿಗಳು ಮುಂದೆ ಬಂದರು. 1911-12ರ ಹೊತ್ತಿಗೆ ಹಳೆಯ ಪೀಬಡಿ-ಮಾರ್ಟಿನಿ ಮತ್ತು 1887ರ ಮೌಸರ್ ಬಂದೂಕುಗಳಲ್ಲಿ ಅನೇಕವನ್ನು 7.65 ಮಿಲಿಮೀಟರಿಗೆ ಪರಿವರ್ತಿಸುವ ಕಾರ್ಯ ನಡೆಯಿತು. ಹಳೆಯ ಮರದ ಹಿಡಿ, ಹಳೆಯ ಯಂತ್ರಭಾಗ. ಆದರೆ ನಳಿಗೆ ಹೊಸದು, ಗುಂಡು ಹೊಸದು. ಗುಂಡಿನ ವೇಗ ಬದಲಾದರೆ ಗುರಿ ನೋಡುವ ಪಟ್ಟಿಯ ಗುರುತುಗಳೂ ಬದಲಾಗಬೇಕು. ಹೊಸ ಮದ್ದಿನ ಒತ್ತಡವು ಹೆಚ್ಚಾದ್ದರಿಂದ ಹಳೆಯ ಉಕ್ಕು ಅದನ್ನು ತಾಳಬಲ್ಲುದೇ ಎಂಬ ಚಿಂತೆಯೂ ಇರುತ್ತದೆ. ಕಪ್ಪು ಮದ್ದಿನ ಕಾಲಕ್ಕಾಗಿ ಕಡೆದ ಲೋಹದ ಮೇಲೆ ಹೊಸ ಕಾಲದ ಭಾರವನ್ನು ಹೊರಿಸುವ ಕೆಲಸವದು. ಖಜಾನೆಯಲ್ಲಿ ಹಣವಿಲ್ಲದಾಗ, ಇದ್ದುದನ್ನು ಎಸೆಯದೆ ಉಪಯೋಗಕ್ಕೆ ತಂದ ಆ ಅನಾಮಧೇಯ ಕೆಲಸಗಾರರ ಜಾಣ್ಮೆಯನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ದುಂದುವೆಚ್ಚವನ್ನು ನಿರಾಕರಿಸುವ ಧರ್ಮದ ಅನುಯಾಯಿಗಳಿಗೆ ಅದು ಒಪ್ಪುವ ಗುಣ.

ಆದರೆ ದುರಸ್ತಿಯು ನಿರ್ಮಾಣಕ್ಕೆ ಬದಲಿಯಾಗಲಾರದು. 1912ರ ಅಕ್ಟೋಬರ್‌ನಲ್ಲಿ ಬಾಲ್ಕನ್ ಯುದ್ಧ ಆರಂಭವಾಯಿತು. ಕೆಲವೇ ತಿಂಗಳುಗಳಲ್ಲಿ ಉಸ್ಮಾನಿಯರು ಯುರೋಪಿನ ತಮ್ಮ ಬಹುತೇಕ ಪ್ರದೇಶವನ್ನು ಕಳೆದುಕೊಂಡರು. ನಿರಾಶ್ರಿತರ ಸಾಲುಗಳು ಇಸ್ತಾಂಬುಲಿನ ಮಸೀದಿಗಳನ್ನು ತುಂಬಿದವು. ಆ ಸುದ್ದಿ ಕೇಳಿ ನಮ್ಮ ದೇಶದ ಮುಸ್ಲಿಮರು ಕಣ್ಣೀರಿಟ್ಟರು; ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ನೇತೃತ್ವದ ವೈದ್ಯಕೀಯ ತಂಡವು ಅದೇ ವರ್ಷ ಮುಂಬಯಿಯಿಂದ ಹೊರಟು ಗಾಯಾಳುಗಳ ಸೇವೆ ಮಾಡಿತು.

ಮೊದಲನೆಯ ಮಹಾಯುದ್ಧದಲ್ಲಿ ಅದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಮರಳಿತು. ಮಿತ್ರರಾಷ್ಟ್ರವಾದ ಜರ್ಮನಿಯು ಬಂದೂಕುಗಳನ್ನು ಕೊಟ್ಟಿತು, ಆದರೆ ಅವು 7.92 ಮಿಲಿಮೀಟರಿನವು. ಉಸ್ಮಾನಿಯರ ಮೌಸರ್‌ಗಳು 7.65ರವು. ಹೆಸರಿನ ಅಳತೆಯಲ್ಲಿ ವ್ಯತ್ಯಾಸ ಬರಿಯ 0.27 ಮಿಲಿಮೀಟರ್, ಒಂದೆರಡು ಹಾಳೆ ಕಾಗದದಷ್ಟು. ಅಷ್ಟು ಸಣ್ಣ ಅಂತರವೇ ಸೈನಿಕನನ್ನು ಅವನ ತೋಟಾದಿಂದ ಬೇರ್ಪಡಿಸಬಲ್ಲುದಾಗಿತ್ತು. 1915ರ ಕೊನೆಯವರೆಗೂ ಸರ್ಬಿಯಾ ಎದುರಾಳಿಯಾಗಿ ನಿಂತು, ರುಮೇನಿಯಾ ದಾರಿ ಬಿಡದೆ, ಜರ್ಮನಿಯ ಮದ್ದುಗುಂಡು ಗಲಿಪೋಲಿಗೆ ಸಲೀಸಾಗಿ ತಲುಪಲಿಲ್ಲ. ಆದರೂ ಗಲಿಪೋಲಿ ಬೀಳಲಿಲ್ಲ. ಅದು ಅಲ್ಲಿನ ಸೈನಿಕರ ತ್ಯಾಗದ ಫಲ. ವ್ಯವಸ್ಥೆಯ ಫಲವೆಂದು ಹೇಳಲಾಗದು.

ಇಲ್ಲಿ ನಾವು ಎರಡು ಕಹಿ ಸತ್ಯಗಳನ್ನೂ ದಾಖಲಿಸಬೇಕು. ಅದೇ 1915ರಲ್ಲಿ ಅದೇ ಸಾಮ್ರಾಜ್ಯದ ಪ್ರಜೆಗಳಾಗಿದ್ದ ಅರ್ಮೇನಿಯನ್ ಕ್ರೈಸ್ತರನ್ನು, ಹೆಂಗಸರು ಮಕ್ಕಳೆನ್ನದೆ, ಮನೆಗಳಿಂದ ಹೊರದೂಡಿ ಕೊಲ್ಲಲಾಯಿತು. ಬಂದೂಕಿನ ನಳಿಗೆಯನ್ನು ಬದಲಿಸಬಹುದು, ಅದರ ಮುಂದೆ ನಿಂತವನು ನಿರಪರಾಧಿಯೋ ಎಂದು ಕೇಳುವ ಹೊಣೆಯನ್ನು ಯಾವ ಕಾರ್ಖಾನೆಯೂ ಅದಕ್ಕೆ ಜೋಡಿಸಿಕೊಡಲಾರದು. ತಕ್ಕಡಿ ಕೈತಪ್ಪಿದಾಗ ಕಬ್ಬಿಣವು ಏನು ಮಾಡಬಲ್ಲುದೆಂಬುದಕ್ಕೆ ಅದು ಸಾಕ್ಷಿ. ನಮ್ಮವರೆಂಬ ಕಾರಣಕ್ಕೆ ಅನ್ಯಾಯವನ್ನು ಮುಚ್ಚಿಡುವುದು ಇಸ್ಲಾಮ್ ಕಲಿಸಿದ ನ್ಯಾಯವಲ್ಲ. ಎರಡನೆಯದಾಗಿ, ಉಸ್ಮಾನಿಯರ ಎದುರು ನಿಂತ ಬ್ರಿಟಿಷ್ ಸೇನೆಯಲ್ಲಿ ಭಾರತೀಯರೂ ಇದ್ದರು, ಭಾರತದ ಮುಸ್ಲಿಮರೂ ಇದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ವಶಪಡಿಸಿಕೊಂಡ ಅಶ್ವದಳಗಳಲ್ಲಿ ನಮ್ಮ ಮೈಸೂರು ಸಂಸ್ಥಾನದ ಲ್ಯಾನ್ಸರುಗಳೂ ಸೇರಿದ್ದರು. ಅವರ ಸ್ಮಾರಕ ಇಂದಿಗೂ ಬೆಂಗಳೂರಿನಲ್ಲಿದೆ. ಪರಾಧೀನನಾದವನಿಗೆ ತನ್ನ ಆಯುಧ ಯಾವ ದಿಕ್ಕಿಗೆ ತಿರುಗಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯವೂ ಇರುವುದಿಲ್ಲ.

ಯುದ್ಧದಲ್ಲಿ ಸೋತ ಸಾಮ್ರಾಜ್ಯವು 1918ರ ಅಕ್ಟೋಬರ್ 30ರ ಮುದ್ರೋಸ್ ಒಪ್ಪಂದದಂತೆ ಆಯುಧಗಳನ್ನು ಒಪ್ಪಿಸಬೇಕಾಯಿತು. ಆಗ ಇಸ್ತಾಂಬುಲಿನ ಉಗ್ರಾಣಗಳಿಂದ ರಹಸ್ಯವಾಗಿ ಸಾಗಿಸಿದ ಆಯುಧಗಳು ಕಪ್ಪು ಸಮುದ್ರದ ಇನೆಬೋಲು ಬಂದರಿಗೆ ಬಂದವು. ಅಲ್ಲಿಂದ ಅನಾತೋಲಿಯಾದ ಹಳ್ಳಿಯ ಹೆಣ್ಣುಮಕ್ಕಳು ಎತ್ತಿನ ಬಂಡಿಗಳಲ್ಲಿ ತೋಟಾಗಳ ಪೆಟ್ಟಿಗೆಗಳನ್ನು ಅಂಕಾರಾ ಕಡೆಗೆ ಸಾಗಿಸಿದರು. ಗಣರಾಜ್ಯ ಸ್ಥಾಪನೆಯಾದ ಮೇಲೆ, 1930ರ ದಶಕದಲ್ಲಿ, ಅಂಕಾರಾದ ಕಾರ್ಖಾನೆಯು ಹಳೆಯ ಮೌಸರ್‌ಗಳನ್ನು ಒಂದೊಂದಾಗಿ 7.92 ಮಿಲಿಮೀಟರಿಗೆ ಪರಿವರ್ತಿಸಿತು. ಅಂತೂ ಸೇನೆಗೆ ಒಂದೇ ಅಳತೆ ದೊರೆಯಿತು. ಇಂದಿಗೂ ಆ ಬಂದೂಕುಗಳ ಮೇಲೆ ಅಂಕಾರಾದ ಮುದ್ರೆಯೂ ಪರಿವರ್ತನೆಯ ವರ್ಷವೂ ಕಾಣಸಿಗುತ್ತವೆ. ಸುಲ್ತಾನನ ಕಾಲದಲ್ಲಿ ಕೊಂಡ ಬಂದೂಕು ಸುಲ್ತಾನನಿಲ್ಲದ ನಾಡಿನಲ್ಲಿ ಮರುಹುಟ್ಟು ಪಡೆದಿತ್ತು.

ಇದರ ಜೊತೆಗೆ ನಮ್ಮ ದೇಶಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯುಂಟು. ಖಿಲಾಫತ್ ಚಳವಳಿಯ ದಿನಗಳಲ್ಲಿ ಭಾರತದ ಮುಸ್ಲಿಮರು ತುರ್ಕಿಗೆ ಹಣ ಸಂಗ್ರಹಿಸಿ ಕಳುಹಿಸಿದ್ದರು. ಮಹಿಳೆಯರು ಮೈಮೇಲಿನ ಒಡವೆಗಳನ್ನೂ ಬಿಚ್ಚಿಕೊಟ್ಟಿದ್ದರು. ಆ ಹಣದಲ್ಲಿ ಉಳಿದ ಒಂದು ಭಾಗವು 1924ರಲ್ಲಿ ತುರ್ಕಿಯ ಇಷ್ ಬ್ಯಾಂಕಿನ ಆರಂಭದ ಬಂಡವಾಳಕ್ಕೆ ಸೇರಿತು. ಕೊಟ್ಟವರು ಉಳಿಸಬಯಸಿದ ಖಿಲಾಫತ್ ಅದೇ ವರ್ಷದ ಮಾರ್ಚ್‌ನಲ್ಲಿ ರದ್ದಾಗಿತ್ತು. ನಿಷ್ಕಪಟವಾದ ಭಾವನೆ, ಅಪಾರವಾದ ತ್ಯಾಗ; ಆದರೆ ಅದರ ಬಳಕೆಯ ನಿರ್ಧಾರ ಇನ್ನೊಬ್ಬರ ಕೈಯಲ್ಲಿ.

ಈ ಇತಿಹಾಸವನ್ನು ಬರೆಯುವಾಗ ನಮ್ಮ ಮನಸ್ಸು ಖಂದಕ್ ಯುದ್ಧದ ಕಡೆಗೆ ಹೋಗುತ್ತದೆ. ಮದೀನದ ರಕ್ಷಣೆಗಾಗಿ ಕಂದಕ ತೋಡುವ ಸಲಹೆಯನ್ನು ಕೊಟ್ಟವರು ಪರ್ಶಿಯಾದ ಸಲ್ಮಾನ್ (ರ). ಅರಬರಿಗೆ ಅದು ಪರಿಚಿತ ತಂತ್ರವಾಗಿರಲಿಲ್ಲ. ಪ್ರವಾದಿಯವರು (ಸ) ಪರದೇಶದ ತಂತ್ರವೆಂದು ಅದನ್ನು ತಳ್ಳಿಹಾಕಲಿಲ್ಲ. ಹಾಗೆಂದು ತೋಡಲು ಪರ್ಶಿಯಾದವರನ್ನು ಕರೆಸಲೂ ಇಲ್ಲ. ಹಸಿವಿನ ದಿನಗಳಲ್ಲಿ ತಾವೇ ಮಣ್ಣು ಹೊತ್ತು ಸಹಾಬಿಗಳೊಂದಿಗೆ ದುಡಿದರು. ವಿದ್ಯೆಯನ್ನು ಎಲ್ಲಿಂದಲೂ ಪಡೆಯಬಹುದು, ಕೆಲಸ ಮಾತ್ರ ನಮ್ಮ ಕೈಯದಾಗಿರಬೇಕು. ಉಸ್ಮಾನಿಯರು ಕೊನೆಯ ಕಾಲದಲ್ಲಿ ವಸ್ತುವನ್ನು ತರಿಸಿದರು. ಅದರ ಹಿಂದಿನ ವಿದ್ಯೆಯನ್ನು ಪೂರ್ಣವಾಗಿ ತರಿಸಿಕೊಳ್ಳಲಿಲ್ಲ. ಅದರಿಂದಾಗಿ ಅವರ ಕುಶಲಕರ್ಮಿಗಳು ಪ್ರತಿ ಬಾರಿಯೂ ಬೇರೆಯವರು ನಿರ್ಧರಿಸಿದ ಅಳತೆಗೆ ತಮ್ಮ ಬಂದೂಕನ್ನು ಹೊಂದಿಸುತ್ತಲೇ ಇರಬೇಕಾಯಿತು.

ಇಂದು ನಮಗೆ ಬೇಕಾಗಿರುವುದು ಬಂದೂಕಲ್ಲ. ಆದರೆ ಅದೇ ಪ್ರಶ್ನೆ ಬೇರೆ ವೇಷದಲ್ಲಿ ನಮ್ಮ ಮನೆಬಾಗಿಲಲ್ಲಿ ನಿಂತಿದೆ. ನಮ್ಮ ಊರುಗಳ ಗ್ಯಾರೇಜುಗಳಲ್ಲಿ, ಲೇತ್ ಯಂತ್ರಗಳ ಮುಂದೆ, ವೆಲ್ಡಿಂಗ್ ಅಂಗಡಿಗಳಲ್ಲಿ ನಮ್ಮ ಸಮುದಾಯದ ಯುವಕರನ್ನು ಕಾಣದವರಾರು? ಕೆಟ್ಟ ಯಂತ್ರವನ್ನು ಬದುಕಿಸುವ ವಿದ್ಯೆ ಅವರ ಬೆರಳುಗಳಲ್ಲಿದೆ. ದಾವೂದ್ ಪ್ರವಾದಿಯವರು (ಅ) ಕಬ್ಬಿಣದ ಕವಚಗಳನ್ನು ತಯಾರಿಸಿ ಸ್ವಂತ ಕೈಯ ದುಡಿಮೆಯಿಂದ ಉಣ್ಣುತ್ತಿದ್ದರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಮೆಕ್ಯಾನಿಕ್ ಹುಡುಗನ ಕೈಯ ಗ್ರೀಸನ್ನು ಕಂಡು ಮುಖ ತಿರುಗಿಸುತ್ತೇವೆ. ಆ ಕೈಗೆ ಗೌರವವೂ ಸಿಗಬೇಕು, ಪುಸ್ತಕವೂ ಸಿಗಬೇಕು. ದುರಸ್ತಿ ಮಾಡುವವನ ಮಗನು, ಮಗಳು ವಿನ್ಯಾಸ ಮಾಡುವವರಾಗಬೇಕು. ಸಾಲ ಮಾಡಿ ಕೊಂಡ ವಸ್ತುವಿನಿಂದ ಬರುವ ಮೆರುಗಿಗಿಂತ, ಕಲಿತು ಮಾಡಿದ ವಸ್ತುವಿನಿಂದ ಬರುವ ಘನತೆ ದೊಡ್ಡದೆಂದು ನಮ್ಮ ಮದುವೆಮನೆಗಳಿಗೂ ತಿಳಿಯಬೇಕು.

ಗ್ರಂಥ, ತಕ್ಕಡಿ, ಕಬ್ಬಿಣ: ಈ ಕ್ರಮವನ್ನು ನಮ್ಮ ಮನೆಗಳಲ್ಲಿ ಮತ್ತೆ ಸ್ಥಾಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ನಮ್ಮ ಕೈಗಳಿಗೆ ಕೌಶಲವನ್ನೂ, ಆ ಕೌಶಲಕ್ಕೆ ನ್ಯಾಯದ ಅಂಕೆಯನ್ನೂ ದಯಪಾಲಿಸಲಿ. ಆಮೀನ್.