ಬೀದಿಯಲ್ಲಿ ಗುರುತಿಸಿದ ಕಾಯಿಲೆ

ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ವೈದ್ಯನಾಗಿದ್ದ ಜೇಮ್ಸ್ ಪಾರ್ಕಿನ್ಸನ್ (1755-1824) 1817ರಲ್ಲಿ ಒಂದು ಕಿರುಪುಸ್ತಕ ಪ್ರಕಟಿಸಿದ. ಅದರ ವಿಷಯ 'ನಡುಗುವ ಪಾರ್ಶ್ವವಾಯು'. ಅದರಲ್ಲಿ ವಿವರಿಸಿದ್ದು ಆರೇ ರೋಗಿಗಳನ್ನು. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು. ಮತ್ತೊಬ್ಬನನ್ನು ಆತ ದೂರದಿಂದಷ್ಟೇ ನೋಡಿದ್ದ. ಆದರೂ ಕೈನಡುಕ, ಮುಂದಕ್ಕೆ ಬಾಗಿದ ಮೈ, ಓಡುವಂತಹ ಪುಟ್ಟ ಹೆಜ್ಜೆ ಇವೆಲ್ಲ ಒಂದೇ ರೋಗದ ಲಕ್ಷಣಗಳೆಂದು ಆತ ಗುರುತಿಸಿದ. ರೋಗವು ಎಷ್ಟು ಮೆಲ್ಲಗೆ ಬರುತ್ತದೆಂದರೆ, ಅದು ಶುರುವಾದದ್ದು ಯಾವಾಗ ಎಂದು ರೋಗಿಗೇ ನೆನಪಿರುವುದಿಲ್ಲ ಎಂದೂ ಬರೆದ.

ಅರ್ಧ ಶತಮಾನದ ನಂತರ ಪ್ಯಾರಿಸ್ಸಿನ ನರರೋಗತಜ್ಞ ಶಾರ್ಕೋ ಈ ಚಿತ್ರವನ್ನು ತಿದ್ದಿದ. ರೋಗಿಯ ಸ್ನಾಯುಗಳಲ್ಲಿ ಬಲವಿದ್ದರೂ ಚಲನೆ ನಿಧಾನವಾಗುತ್ತದೆ. ಕೆಲವರಲ್ಲಿ ನಡುಕವೇ ಇರುವುದಿಲ್ಲ ಎಂದು ತೋರಿಸಿದ. ರೋಗಕ್ಕೆ ಪಾರ್ಕಿನ್ಸನ್ನನ ಹೆಸರು ಬಂದದ್ದೂ ಆತನಿಂದಲೇ. 1960ರಲ್ಲಿ ವಿಯೆನ್ನಾದ ಎರಿಂಗರ್ ಮತ್ತು ಹಾರ್ನಿಕೀವಿಚ್ ಇಂತಹ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಹಳ ಕಡಿಮೆಯಾಗಿರುವುದನ್ನು ಕಂಡುಹಿಡಿದರು. ಚಲನೆಯ ತೊಂದರೆ ಹೊರಗೆ ಕಾಣುವ ಹೊತ್ತಿಗೆ ಅದನ್ನು ತಯಾರಿಸುವ ನರಕೋಶಗಳಲ್ಲಿ ಗಣನೀಯ ಪಾಲು ನಾಶವಾಗಿರುತ್ತದೆ.

ಇಂದಿಗೂ ರೋಗನಿದಾನಕ್ಕೆ ಮುಖ್ಯ ಆಧಾರ ರೋಗಿಯ ಮಾತು ಮತ್ತು ವೈದ್ಯರ ಕಣ್ಣು. ಹಾಗಾಗಿ ಮನೆಯವರು ಗಮನಿಸಿ ಹೇಳುವ ಸಂಗತಿಗಳಿಗೆ ಬೆಲೆಯಿದೆ. ನಡೆಯುವಾಗ ತಂದೆಯ ಒಂದು ಕೈ ಬೀಸುವುದು ಕಡಿಮೆಯಾಗಿದೆಯೆ? ತಾಯಿಯ ಅಕ್ಷರ ಬರೆಯುತ್ತಾ ಹೋದಂತೆ ಸಣ್ಣದಾಗುತ್ತದೆಯೆ? ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆಯೆ? ದನಿ ತಗ್ಗಿ, ಮುಖದಲ್ಲಿ ಭಾವ ಕುಂದಿದೆಯೆ? ತೊಡೆಯ ಮೇಲಿಟ್ಟಾಗ ನಡುಗುವ ಕೈ ಲೋಟ ಎತ್ತುವಾಗ ಸ್ಥಿರವಾಗುತ್ತದೆಯೆ? ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದು ಇವು ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು.

ಇವುಗಳಲ್ಲಿ ಯಾವುದೋ ಒಂದು ಕಂಡಾಕ್ಷಣ ಪಾರ್ಕಿನ್ಸನ್ ರೋಗವೆಂದು ಹೆದರಬೇಕಿಲ್ಲ. ಕೆಲವು ಔಷಧಿಗಳಿಂದಲೂ ಇಂತಹ ಲಕ್ಷಣಗಳು ಬರುತ್ತವೆ. ಔಷಧಿ ಬದಲಿಸಿದರೆ ಅವು ಹೋಗಲೂಬಹುದು. ಆದರೆ ಹಲವು ಲಕ್ಷಣಗಳು ಜೊತೆಗೂಡಿದರೆ, ಅದರಲ್ಲೂ ಮೈಯ ಒಂದೇ ಪಕ್ಕದಲ್ಲಿ ಹೆಚ್ಚಾಗಿದ್ದರೆ, ನರರೋಗತಜ್ಞರಿಗೆ ತೋರಿಸಬೇಕು. ರೋಗವನ್ನು ಪೂರ್ತಿ ತಡೆಯುವ ಮದ್ದು ಇನ್ನೂ ಇಲ್ಲ. ಲೆವೊಡೋಪ ಮುಂತಾದ ಔಷಧಿ ಹಾಗೂ ವ್ಯಾಯಾಮದಿಂದ ಚಲನೆ ಸುಧಾರಿಸುತ್ತದೆ. 'ವಯಸ್ಸಾಯಿತಲ್ಲ' ಎಂದು ಸುಮ್ಮನಾದರೆ ಆ ನೆಮ್ಮದಿಯ ವರ್ಷಗಳು ಹಿರಿಯರ ಕೈತಪ್ಪುತ್ತವೆ.