ವಯೋಸಹಜ ಶ್ರವಣದೋಷ

ವಯೋಸಹಜ ಶ್ರವಣದೋಷ ಅಥವಾ ಪ್ರೆಸ್ಬಿಕ್ಯೂಸಿಸ್ ಎಂಬುದು ವಯಸ್ಸಾದಂತೆ ಎರಡೂ ಕಿವಿಗಳಲ್ಲಿ ನಿಧಾನವಾಗಿ, ಹೆಚ್ಚುಕಡಿಮೆ ಸಮನಾಗಿ ಉಂಟಾಗುವ ಶ್ರವಣಶಕ್ತಿಯ ಕುಂದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ವರ್ಷ ಮೀರಿದವರಲ್ಲಿ ಶೇಕಡ 25ಕ್ಕೂ ಹೆಚ್ಚು ಜನರಿಗೆ ದೈನಂದಿನ ಜೀವನಕ್ಕೆ ತೊಡಕಾಗುವಷ್ಟು ಶ್ರವಣದೋಷವಿದೆ. ಇದನ್ನು ಗುಣಪಡಿಸುವ ಔಷಧಿಯಿಲ್ಲವಾದರೂ ಶ್ರವಣ ಸಾಧನಗಳಿಂದ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಬಹುದು.

ಕಾರಣಗಳು

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾ ಎಂಬ ಅಂಗವಿದೆ. ಅದರಲ್ಲಿರುವ ಸುಮಾರು 15,000 ರೋಮಕೋಶಗಳು ಧ್ವನಿಯ ಕಂಪನಗಳನ್ನು ನರಸಂಕೇತಗಳಾಗಿ ಪರಿವರ್ತಿಸುತ್ತವೆ. ಮನುಷ್ಯರಲ್ಲಿ ಒಮ್ಮೆ ನಾಶವಾದ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ. ವಯಸ್ಸಿನ ಜೊತೆಗೆ ಅನುವಂಶೀಯತೆ, ದೀರ್ಘಕಾಲದ ಗದ್ದಲ, ಮಧುಮೇಹ, ಅಧಿಕ ರಕ್ತದೊತ್ತಡ, ಧೂಮಪಾನ ಹಾಗೂ ಕೆಲವು ಔಷಧಿಗಳು ಈ ನಷ್ಟವನ್ನು ಹೆಚ್ಚಿಸುತ್ತವೆ.

ಲಕ್ಷಣಗಳು

ಉಚ್ಚ ಆವೃತ್ತಿಯ ಧ್ವನಿಗಳನ್ನು ಗ್ರಹಿಸುವ ಸಾಮರ್ಥ್ಯ ಮೊದಲು ಕುಗ್ಗುತ್ತದೆ. ಸ್ವರಗಳು ಕೇಳಿಸಿದರೂ ಸ, ಶ, ತ, ಕ ಮೊದಲಾದ ವ್ಯಂಜನಗಳು ಅಸ್ಪಷ್ಟವಾಗುತ್ತವೆ. ಆದ್ದರಿಂದ 'ಸಾಲು', 'ಹಾಲು', 'ಕಾಲು' ಇಂತಹ ಪದಗಳ ನಡುವಿನ ವ್ಯತ್ಯಾಸ ತಿಳಿಯುವುದು ಕಷ್ಟ. ಮಾತು ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ ಎಂಬುದು ಸಾಮಾನ್ಯ ದೂರು. ಮದುವೆ ಮನೆಯಂತಹ ಗದ್ದಲದ ಸ್ಥಳಗಳಲ್ಲಿ ಇದು ಹೆಚ್ಚು. ಕೆಲವರಿಗೆ ಕಿವಿಯಲ್ಲಿ ಮೊರೆತವೂ ಇರುತ್ತದೆ.

ಸರಿಯಾಗಿ ಕೇಳಿಸದೆ ನೀಡಿದ ಉತ್ತರವನ್ನು ಮನೆಯವರು ಅರಳುಮರಳು ಎಂದು ತಪ್ಪಾಗಿ ಭಾವಿಸುವುದುಂಟು. ಮುಜುಗರದಿಂದ ವೃದ್ಧರು ಮಾತುಕತೆಯಿಂದಲೇ ದೂರ ಸರಿಯಬಹುದು. ಲ್ಯಾನ್ಸೆಟ್ ಆಯೋಗದ 2020ರ ವರದಿಯು ಶ್ರವಣದೋಷವನ್ನು ಡಿಮೆನ್ಷಿಯಾದ ನಿಯಂತ್ರಿಸಬಹುದಾದ ಅಪಾಯಕಾರಿ ಅಂಶಗಳಲ್ಲಿ ಒಂದೆಂದು ಗುರುತಿಸಿದೆ.

ತಪಾಸಣೆ

ಕಿವಿ, ಮೂಗು, ಗಂಟಲು ತಜ್ಞರು ಮೊದಲು ಕಿವಿಗುಗ್ಗೆ, ಸೋಂಕು ಮುಂತಾದ ಗುಣಪಡಿಸಬಹುದಾದ ಕಾರಣಗಳನ್ನು ಪರಿಶೀಲಿಸುತ್ತಾರೆ. ನಂತರ ಶ್ರವಣತಜ್ಞರು ಆಡಿಯೊಮೆಟ್ರಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 250ರಿಂದ 8,000 ಹರ್ಟ್ಸ್‌ವರೆಗಿನ ಧ್ವನಿಗಳನ್ನು ಕೇಳಿಸಿ, ದೋಷದ ಪ್ರಮಾಣವನ್ನು ಡೆಸಿಬಲ್‌ಗಳಲ್ಲಿ ಅಳೆಯುತ್ತಾರೆ. ಕಿವಿ ಹಠಾತ್ತನೆ ಕೇಳಿಸದಂತಾದರೆ ಅದು ವಯೋಸಹಜವಲ್ಲ; ತುರ್ತು ಚಿಕಿತ್ಸೆ ಅಗತ್ಯ.

ಶ್ರವಣ ಸಾಧನಗಳು

ಶ್ರವಣ ಸಾಧನದಲ್ಲಿ ಮೈಕ್ರೊಫೋನ್, ಧ್ವನಿವರ್ಧಕ ಮಂಡಲ ಹಾಗೂ ರಿಸೀವರ್ ಇರುತ್ತವೆ. ಕಿವಿಯ ಹಿಂದೆ ಧರಿಸುವ, ಕಿವಿಯೊಳಗೆ ಕೂರುವ ಮೊದಲಾದ ವಿಧಗಳಿವೆ. ಡಿಜಿಟಲ್ ಸಾಧನಗಳು ಎಲ್ಲ ಧ್ವನಿಗಳನ್ನೂ ಸಮನಾಗಿ ಹೆಚ್ಚಿಸುವುದಿಲ್ಲ. ವ್ಯಕ್ತಿಗೆ ಕೇಳಿಸದ ಆವೃತ್ತಿಗಳನ್ನು ಮಾತ್ರ ಅಗತ್ಯವಿದ್ದಷ್ಟು ವರ್ಧಿಸಿ, ಹಿನ್ನೆಲೆಯ ಗದ್ದಲವನ್ನು ತಗ್ಗಿಸುತ್ತವೆ. ಹಲವು ಮಾದರಿಗಳು ಬ್ಲೂಟೂತ್ ಮೂಲಕ ಮೊಬೈಲ್‌ಗೆ ಜೋಡಣೆಯಾಗುತ್ತವೆ.

ಸಾಧನವು ಸಹಜ ಶ್ರವಣವನ್ನು ಮರಳಿಸುವುದಿಲ್ಲ. ಬಹುಕಾಲ ಕೇಳದಿದ್ದ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಆರಂಭದಲ್ಲಿ ಕರ್ಕಶವೆನಿಸುತ್ತದೆ. ಮಿದುಳು ಹೊಂದಿಕೊಳ್ಳಲು ಕೆಲವು ವಾರಗಳಿಂದ ತಿಂಗಳುಗಳು ಬೇಕಾಗುವುದರಿಂದ, ಪ್ರತಿದಿನ ಬಳಸುವುದು ಹಾಗೂ ತಜ್ಞರಿಂದ ಮರುಹೊಂದಾಣಿಕೆ ಮಾಡಿಸಿಕೊಳ್ಳುವುದು ಮುಖ್ಯ. ಬೆವರು ಮತ್ತು ತೇವಾಂಶದಿಂದ ಸಾಧನ ಕೆಡುವುದರಿಂದ ರಾತ್ರಿ ಅದನ್ನು ಒಣ ಪೆಟ್ಟಿಗೆಯಲ್ಲಿ ಇಡಬೇಕು.

ಮನೆಯವರ ಪಾತ್ರ

ಮೆಲುದನಿ ಕೇಳಿಸದವರಿಗೂ ಜೋರುದನಿ ಅಸಹನೀಯವಾಗಬಹುದು. ಹಾಗಾಗಿ ಕೂಗುವುದರಿಂದ ಪ್ರಯೋಜನ ಕಡಿಮೆ. ಟಿವಿಯ ಸದ್ದು ತಗ್ಗಿಸಿ, ಮುಖ ಕಾಣುವಂತೆ ಎದುರು ಕುಳಿತು, ನಿಧಾನವಾಗಿ ಮಾತನಾಡುವುದು ಹಾಗೂ ಅರ್ಥವಾಗದ ವಾಕ್ಯವನ್ನು ಬೇರೆ ಪದಗಳಲ್ಲಿ ಹೇಳುವುದು ಹೆಚ್ಚು ಸಹಕಾರಿ.

ಸೌಲಭ್ಯಗಳು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪನೆಯಾಗಿದ್ದು, ಶ್ರವಣ ತಪಾಸಣೆ ಮತ್ತು ಸಾಧನಗಳ ಅಳವಡಿಕೆಯ ಸೇವೆ ನೀಡುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯು 2017ರಲ್ಲಿ ಆರಂಭವಾಯಿತು. ಇದರಡಿ ಅರ್ಹ ಬಡ ಹಿರಿಯ ನಾಗರಿಕರಿಗೆ ಶ್ರವಣ ಸಾಧನವೂ ಸೇರಿದಂತೆ ಸಹಾಯಕ ಸಾಧನಗಳನ್ನು ಉಚಿತವಾಗಿ ವಿತರಿಸಲಾಗುತ್ತದೆ.