ಎತ್ತಿನ ಹೊಟ್ಟೆಯೊಳಗೊಂದು ಕ್ಯಾಮೆರಾ | ಹಾಡುಹಕ್ಕಿ ಫೋಟೋಗಳ ಕಥೆ, ಭಾಗ 4

ಹಳೇ ಕಾಲದ ಹಾಡುಹಕ್ಕಿ ಫೋಟೋಗಳನ್ನ ನೋಡಿದ್ರೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ: ಹೆಚ್ಚಿನವು ಗೂಡಿನ ಫೋಟೋಗಳೇ. ಯಾಕೆ ಗೊತ್ತಾ? ಉತ್ತರ ಬೆಳಕಿನಲ್ಲಿದೆ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಥ್ವೇಟ್ ಅನ್ನೋ ಹಳ್ಳಿಯ ಅಣ್ಣತಮ್ಮ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್. ಅಣ್ಣ ಬರೀತಿದ್ದ, ತಮ್ಮ ಫೋಟೋ ತೆಗೀತಿದ್ದ. 1892ರಲ್ಲಿ ಮೊಟ್ಟೆ ಇದ್ದ ಹಕ್ಕಿಗೂಡೊಂದರ ಫೋಟೋ ತೆಗೆದ್ರು. 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳ ಬಗ್ಗೆ ಇವರ ಪುಸ್ತಕ ಬಂತು. ಒಳಗೆ ಕೈಯಲ್ಲಿ ಬರೆದ ಚಿತ್ರಗಳ ಬದಲು ಆ ಜಾಗದಲ್ಲೇ ತೆಗೆದ ಫೋಟೋಗಳು! ಆ ಕಾಲದಲ್ಲಿ ಹಕ್ಕಿಪ್ರೇಮ ಅಂದ್ರೆ ಎಷ್ಟೋ ಜನಕ್ಕೆ ಮೊಟ್ಟೆ ಕದ್ದು ಪೆಟ್ಟಿಗೆಯಲ್ಲಿ ಜೋಡಿಸೋದು. ಮೊಟ್ಟೆಯನ್ನ ಗೂಡಲ್ಲೇ ಬಿಟ್ಟು ಚಿತ್ರವನ್ನಷ್ಟೇ ಮನೆಗೆ ತರಬಹುದು ಅಂತ ಈ ಫೋಟೋಗಳು ತೋರಿಸಿದವು.

ಆದ್ರೆ ಕೆಲಸ ಸುಲಭ ಇರಲಿಲ್ಲ. ಫಿಲಂ ಬದಲು ಗಾಜಿನ ಪ್ಲೇಟ್. ಒಂದು ಪ್ಲೇಟ್, ಒಂದೇ ಫೋಟೋ. ನಮ್ಮ ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಪ್ರತಿ ಕ್ಲಿಕ್ಕೂ ಖರ್ಚಿನ ಕಾಲಂಗೆ. ಪ್ಲೇಟಿಗೆ ಬೆಳಕು ಜಾಸ್ತಿ ಬೇಕು, ಹಾಡುಹಕ್ಕಿಗೋ ಒಂದು ಕ್ಷಣ ಸುಮ್ಮನಿರೋಕೆ ಬರಲ್ಲ. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರೋದು ಗೂಡಿಗೆ ಮಾತ್ರ. ಮೊದಲೇ ಫೋಕಸ್ ಮಾಡಿಟ್ಟು ಕಾದರೆ ಸಾಕು. ಹತ್ತಿರ ಹೋಗೋಕೆ ಕೀರ್ಟನ್‌ಗಳು 1900ರ ಸುಮಾರಿಗೆ ಎತ್ತಿನ ಚರ್ಮದಿಂದ ಪೊಳ್ಳು ಎತ್ತು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಕೂತ್ರು. ಕುರಿ, ಮರದ ಬೊಡ್ಡೆ ವೇಷಗಳೂ ಇದ್ದವು!

ಈಗ ಕಥೆಯ ಕಹಿ ಭಾಗ. ಹಕ್ಕಿ ಗೂಡು ಕಟ್ಟೋದೇ ಎಲೆಯ ಮರೆಯಲ್ಲಿ, ಅಂದ್ರೆ ನೆರಳಲ್ಲಿ. ಬೆಳಕು ಬೀಳಲಿ ಅಂತ ಫೋಟೋಗ್ರಾಫರ್‌ಗಳು ಕೊಂಬೆಗಳನ್ನ ಪಕ್ಕಕ್ಕೆ ಕಟ್ಟೋದು, ಎಲೆ ಸವರೋದು ರೂಢಿಯಾಯ್ತು. ಮರೆ ಹೋದ ಗೂಡು ಕ್ಯಾಮೆರಾಗೆ ಮಾತ್ರ ಕಾಣಲ್ಲ, ಕಾಗೆಗೂ ಕಾಣುತ್ತೆ. ನೆತ್ತಿ ಬಿಸಿಲು ನೇರ ಮರಿಗಳ ಮೇಲೆ. ಕದಿಯಬಾರದು ಅಂತ ಶುರುವಾದ ಕೆಲಸದಲ್ಲೇ ಮರಿಗಳು ಬಲಿ.

1940ರ ದಶಕದಲ್ಲಿ ಎರಿಕ್ ಹಾಸ್ಕಿಂಗ್ ಹಕ್ಕಿಗಳಿಗೆ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಳಸಿದ್ರು. ರೆಕ್ಕೆಯ ಚಲನೆಯೂ ಫ್ರೀಜ್ ಆಯ್ತು. ಆಮೇಲೆ ಬಂದ ಬಣ್ಣದ ಸ್ಲೈಡ್ ಫಿಲಂಗಳು ಐಎಸ್‌ಒ 25, 64ರಷ್ಟು ನಿಧಾನ, ಹಾಗಾಗಿ ಫ್ಲ್ಯಾಶೂ ಉಳೀತು, ಗೂಡೂ ಉಳೀತು.

ಇವತ್ತು? ಐಎಸ್‌ಒ 3200ರಲ್ಲೂ ಒಳ್ಳೆ ಫೋಟೋ ಬರುತ್ತೆ. ಬೆಳಗಿನ ಬೆಳಕು, ತೆಳು ಮೋಡದ ಬೆಳಕು ಸಾಕು. ನಿಜ ಹೇಳ್ಬೇಕಂದ್ರೆ ಅದೇ ಬೆಸ್ಟ್. ಮಡಿವಾಳ ಹಕ್ಕಿಯನ್ನ ಮಧ್ಯಾಹ್ನದ ಬಿಸಿಲಲ್ಲಿ ತೆಗೆದು ನೋಡಿ: ಬಿಳಿ ಸುಟ್ಟುಹೋಗುತ್ತೆ, ಕಪ್ಪು ಮಸಿಯಾಗುತ್ತೆ. ಮೃದು ಬೆಳಕಲ್ಲಿ ಅದೇ ಕಪ್ಪಿನೊಳಗೆ ನೀಲಿ ಹೊಳಪು ಕಾಣುತ್ತೆ. ಮೇಲಾಗಿ ಅದು ಜೋರಾಗಿ ಹಾಡೋದೂ ನಸುಕಿನಲ್ಲೇ, ಎತ್ತರದ ಕೊಂಬೆ ತುದಿಯಲ್ಲಿ, ಎಲ್ಲರಿಗೂ ಕಾಣೋ ಹಾಗೆ.

ಅಂದ್ರೆ ಗೂಡಿಗೆ ಹೋಗೋಕೆ ಇದ್ದ ತಾಂತ್ರಿಕ ಕಾರಣ ಮುಗಿದೇ ಹೋಗಿದೆ. ಅಭ್ಯಾಸ ಮಾತ್ರ ಮುಗಿದಿಲ್ಲ. ಪಿಕಳಾರ ಮರಿಗೆ ತುತ್ತು ಕೊಡೋ ರೀಲ್‌ಗೆ ಲೈಕ್ ಸುರಿಯುತ್ತೆ, ನಾಳೆ ಇನ್ನೊಬ್ಬ ಅಂಥದ್ದೇ ಗೂಡು ಹುಡುಕ್ತಾನೆ. ನೆನಪಿರಲಿ, ನಮ್ಮ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಲ್ಲಿ ‘ಬೇಟೆ’ ಅನ್ನೋ ಪದದ ಅರ್ಥದೊಳಗೇ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡೋದೂ ಸೇರಿದೆ. ಕೋವಿ ಹಿಡಿದವನು ಮಾತ್ರ ಬೇಟೆಗಾರ ಅಲ್ಲ.

ಹಾಗಾಗಿ ಗೂಡಿನ ಫೋಟೋ ಕಂಡ್ರೆ ಲೈಕ್ ಒತ್ತೋ ಮುಂಚೆ ಒಂದ್ಸಲ ಸುತ್ತಲಿನ ಎಲೆಗಳನ್ನ ನೋಡಿ. ಇರಬೇಕಾದಲ್ಲಿ ಇವೆಯಾ?

ಮುಂದಿನ ಭಾಗ: ಹಕ್ಕಿ ಹಾಡನ್ನ ಮೊದಮೊದಲು ರೆಕಾರ್ಡ್ ಮಾಡಿದವರ ಕಥೆ. ಇದನ್ನ ಸೇವ್ ಮಾಡ್ಕೊಳ್ಳಿ, ಕ್ಯಾಮೆರಾ ಇರೋ ಫ್ರೆಂಡ್‌ಗೆ ಕಳಿಸಿ.

#ಹಾಡುಹಕ್ಕಿ #ಫೋಟೋಇತಿಹಾಸ #ಗೂಡುಬಿಡಿ